ನಾಯಿ ಅತ್ತೆಯೂ ಮುನಿಸಿಕೊಂಡ ಬೆಕ್ಕುಗಳೂ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಲುಮನೆಗಳ ಹಿಂದಿನ ಓಣಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಮಧ್ಯವಯಸ್ಸು ದಾಟಿದ ಹೆಂಗಸೊಬ್ಬರು ಮೋಟು ಸ್ಟೂಲಿನ ಮೇಲೆ ಕುಳಿತಿದ್ದಾರೆ. ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು, ಎದೆಗೆ ಪ್ಲಾಸ್ಟಿಕ್ ಹೊದಿಕೆ. ಎದುರಿಗೆ ಹಬೆಯಾಡುವ ಬಕೆಟ್ಟು. ಬೆನ್ನ ಹಿಂದೆ ಕರುವಿನಷ್ಟು ದೊಡ್ಡ ನಾಯಿ. ತೊಳೆಯಬೇಕಾದ ನಾಯಿಗೆ ಬೆನ್ನು ತೋರಿಸಿ ಕುಳಿತುಕೊಳ್ಳುವುದು ಎಂಥ ಕೆಲಸ ಎಂದು ಹೊಸಬರಿಗೆ ಅನ್ನಿಸಬಹುದು. ಅವರಿಗೆ ಅವಸರವಿಲ್ಲ. ನಾಯಿ ಬಂದು ಅವರ ಕತ್ತು ಮೂಸುತ್ತದೆ, ಕಿವಿ ಮೂಸುತ್ತದೆ, ಬೂಟಿನ ಪಟ್ಟಿಯನ್ನೂ ಬಿಡದೆ ತನಿಖೆ ಮಾಡುತ್ತದೆ. ಕೊನೆಗೆ ದೊಡ್ಡ ನಿಟ್ಟುಸಿರು ಬಿಟ್ಟು ಪಕ್ಕದಲ್ಲಿ ಕೂರುತ್ತದೆ.

‘ಬಂದ್ಯಾ ದಾರಿಗೆ?’ ಎಂದು ಅವರು ತಿರುಗುತ್ತಾರೆ. ಎಳೆಗೂಸಿಗೆ ಎರೆಯುವ ಮುಂಚೆ ನೋಡುವ ಹಾಗೆ ಮೊಣಕೈ ಅದ್ದಿ ನೀರಿನ ಹದ ನೋಡುತ್ತಾರೆ. ಮೊದಲ ಚೊಂಬು ನೀರು ಹಿಂಗಾಲಿಗೆ. ಆಮೇಲೆ ಬೆನ್ನು, ಹೊಟ್ಟೆ, ಎದೆ. ತಲೆ ಎಲ್ಲಕ್ಕಿಂತ ಕೊನೆಗೆ, ಅದೂ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೆ.

‘ತಲೆಗೆ ಮೊದ್ಲು ನೀರು ಹುಯ್ದ್ರೆ ಮೈ ಒದರಿಬಿಡುತ್ತೆ. ಆಮೇಲೆ ಸ್ನಾನ ಅದಕ್ಕಲ್ಲ, ನಮಗೆ’ ಎನ್ನುತ್ತಾರೆ. ಮಾತಾಡುತ್ತಿರುವಾಗಲೇ ಬೆರಳು ನಾಯಿಯ ಪಾದದ ಸಂದಿಗಳಲ್ಲಿ ಓಡಾಡುತ್ತಿದೆ. ಒಂದು ಕಡೆ ನಿಲ್ಲುತ್ತದೆ. ಚಿಮಟದಲ್ಲಿ ಉಣ್ಣೆಹುಳ ಹಿಡಿದು ಎಳೆದು, ಸೋಪುನೀರಿನ ಡಬ್ಬಿಗೆ ಹಾಕುತ್ತಾರೆ. ನಾಯಿಗೆ ಅದರ ಪರಿವೆಯೇ ಇಲ್ಲ.

ಹಿಂಬಾಗಿಲ ಮೆಟ್ಟಿಲ ಮೇಲೆ ಟೀ ಹೀರುತ್ತ ಕುಳಿತ ಮನೆಯೊಡೆಯ, ಬೇಕರಿಯಲ್ಲಿ ಬ್ರೆಡ್ ಸುಡುವವನು, ತಡೆಯಲಾರದೆ ಹೇಳುತ್ತಾನೆ: ‘ಇವತ್ತು ಅತ್ತೆ ಏನೋ ಗುನುಗ್ತಿದಾರೆ, ಕೇಳಿಸ್ತಾ? ಹೋದ ಸಲ ಬಂದಾಗ ಬಾಯಿಗೆ ಬೀಗ ಹಾಕ್ಕೊಂಡಿದ್ರು. ನನ್ ನಾಯಿಗೇ ಏನೋ ಆಗಿದೆ, ಹೇಳೋಕೆ ಹಿಂಜರೀತಿದಾರೆ ಅಂತ ನಾನು ಹೆದರಿಬಿಟ್ಟಿದ್ದೆ.’

ನಾಯಿಗೆ ಏನೂ ಆಗಿರಲಿಲ್ಲ. ಆಗಿದ್ದದ್ದು ಎರಡು ಬೆಕ್ಕುಗಳಿಗೆ, ಅದಕ್ಕೆ ಕಾರಣ ಈ ಅತ್ತೆಯೇ. ಆ ಕಥೆ ಸುಖವಾಗಿ ಮುಗಿದಿರುವುದರಿಂದಲೇ ಇವತ್ತು ಈ ಗುನುಗು.

ಈ ಬೀದಿಗಳಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಇವರು ‘ನಾಯಿ ಅತ್ತೆ’. ಮಕ್ಕಳು ಇಟ್ಟ ಹೆಸರು, ದೊಡ್ಡವರ ಬಾಯಿಗೂ ಅಂಟಿಕೊಂಡಿತು. ಇವರ ಮನೆಗೆ ಹೊಸದಾಗಿ ಬಂದ ಸೊಸೆ ಮೊದಲ ದಿನ ಬೀದಿಯಲ್ಲಿ ಈ ಹೆಸರು ಕೇಳಿ ದಂಗಾದಳಂತೆ. ‘ಬೇರೆ ಮನೆ ಸೊಸೆಯಂದ್ರು ಅತ್ತೇನ ಹಂಗೆ ಮನಸಲ್ಲೇ ಅಂದ್ಕೋತಾರೆ. ನನಗೆ ಮಾತ್ರ ಬೀದೀಲಿ ಕೂಗೋ ಭಾಗ್ಯ’ ಎಂದು ಅವಳು ಈಗ ಅತ್ತೆಯ ಎದುರಿಗೇ ನಗುತ್ತಾಳೆ. ಅತ್ತೆಯೂ ನಗುತ್ತಾರೆ. ಅತ್ತೆ ಸೊಸೆ ಒಟ್ಟಿಗೆ ನಗುವ ಮನೆಗೆ ಬೇರೆ ಪರಿಚಯ ಬೇಕಿಲ್ಲ.

ಹುಟ್ಟಾ ಪ್ರಾಣಿಪ್ರಿಯರೇನಲ್ಲ ಇವರು. ಚಿಕ್ಕವರಿದ್ದಾಗ ನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತ್ತು. ಗುರುತು ಇವತ್ತಿಗೂ ಇದೆ. ನಾಯಿ ಕಂಡರೆ ರಸ್ತೆ ದಾಟಿ ಆಚೆ ಹೋಗುವವರು. ಹರೆಯವೆಲ್ಲ ಕಳೆದದ್ದು ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಹಸಿರು ಗೌನು ಒಗೆದು, ಹಿಂಡಿ, ಹರವಿ ಕೈ ಕಾಯಿ ಕಟ್ಟಿತು. ಒಂದು ದಿನ ಅಲ್ಲಿಗೆ ಕೋಣೆ ತುಂಬುವಷ್ಟು ದೊಡ್ಡ ಯಂತ್ರ ಬಂತು. ಯಂತ್ರ ಒಳಗೆ ಹೋಯಿತು, ಇವರು ಹೊರಗೆ ಬಂದರು. ಗಂಡ ದರ್ಜಿ. ಆಗ ಅವರ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಗಿತ್ತು.

ಆ ಹೊತ್ತಿನಲ್ಲೇ ಪಕ್ಕದ ಬೀದಿಯ ಪಶುವೈದ್ಯೆ ಹೇಳಿ ಕಳಿಸಿದರು. ಮೈಯೆಲ್ಲ ಕಜ್ಜಿಯಾದ ನಾಯಿಯೊಂದಕ್ಕೆ ದಿನಬಿಟ್ಟು ದಿನ ಔಷಧಿ ನೀರಿನಲ್ಲಿ ಸ್ನಾನ ಮಾಡಿಸಬೇಕಿತ್ತು. ಮನೆಯವರು ಮುಟ್ಟಲು ತಯಾರಿರಲಿಲ್ಲ. ‘ನಾಯಿ ಅಂದ್ರೆ ಜೀವ ಹೋಗೋಷ್ಟು ಹೆದರಿಕೆ ಇತ್ತು. ಆದ್ರೆ ಹೊಟ್ಟೆ ಅನ್ನೋದು ಹೆದರಿಕೇಗಿಂತ ದೊಡ್ಡದು ನೋಡಿ’ ಎನ್ನುತ್ತಾರೆ. ‘ಹೋದೆ. ಅದರ ಮುಖ ನೋಡೋಕೆ ಧೈರ್ಯ ಇಲ್ದೆ ಬೆನ್ನು ತಿರುಗಿಸಿ ಕೂತ್ಕೊಂಡೆ. ಅದೇ ಬಂದು ನನ್ನ ಬೆನ್ನಿಗೆ ತಲೆ ಒರಗಿಸ್ತು. ಅದಕ್ಕೂ ನನ್ನ ಕಂಡ್ರೆ ಹೆದರಿಕೆ ಇತ್ತಂತೆ. ಇಬ್ಬರು ಹೇಡಿಗಳು ಸೇರಿದ್ವಿ.’ ಬೆನ್ನು ತಿರುಗಿಸಿ ಕೂರುವ ಪದ್ಧತಿ ಹೀಗೆ ಹುಟ್ಟಿದ್ದು. ಹೆದರಿಕೆಯಿಂದ ಶುರುವಾದದ್ದು ಈಗ ಕಸುಬಿನ ಮೊದಲ ಪಾಠ.

ಈಗ ಅವರ ದಿನ ನಸುಕಿನಲ್ಲಿ ಶುರುವಾಗುತ್ತದೆ. ಕಸದ ಲಾರಿ ಬಂದರೆ ನಾಯಿಗಳ ತಲೆ ಕೆಡುತ್ತದೆ, ಹಾಗಾಗಿ ಅದಕ್ಕೆ ಮುಂಚೆ ದೊಡ್ಡ ನಾಯಿಗಳು. ಮಧ್ಯಾಹ್ನದೊಳಗೆ ನಾಲ್ಕೈದು ಮನೆ. ಸಂಜೆ ಉಗುರು ಕತ್ತರಿಸುವುದು, ಕಿವಿ ಒರೆಸುವುದು, ಗಂಟುಗಟ್ಟಿದ ಕೂದಲು ಬಿಡಿಸುವುದು. ನಡುವೆ ಮೊಲ, ಗಿಣಿ, ಬೆಕ್ಕು. ಪಂಜರ ತೊಳೆಯುವುದೂ ಇವರದೇ ಕೆಲಸ. ಚಳಿಯಲ್ಲಿ ಕೈ ಬಿರಿಯುತ್ತದೆ, ಸೊಂಟ ಹಿಡಿಯುತ್ತದೆ. ಕಚ್ಚಿಸಿಕೊಂಡದ್ದು ಎಷ್ಟು ಸಲ ಎಂದು ಕೇಳಿದರೆ, ‘ಮದುವೆ ಆದವರು ಜಗಳ ಲೆಕ್ಕ ಇಡ್ತಾರಾ?’ ಎಂದು ತಿರುಗಿ ಕೇಳುತ್ತಾರೆ.

ಬೆರಳಿಗೆ ಏನಾದರೂ ಗಂಟು, ಗಾಯ ಸಿಕ್ಕಿದರೆ ಅದನ್ನು ಮನೆಯವರಿಗೆ ತೋರಿಸಿ ಆ ಪಶುವೈದ್ಯೆ ಡಾಕ್ಟರಮ್ಮನ ಹತ್ತಿರ ಕಳಿಸುತ್ತಾರೆ. ಔಷಧಿ ಹೇಳುವ ಗೋಜಿಗೆ ಹೋಗುವುದಿಲ್ಲ. ಬುದ್ಧಿಮಾತು ಮಾತ್ರ ಧಾರಾಳ. ‘ಮುಂಗಾಲು ಚಾಚಿ ಕೇಳುತ್ತೆ ಅಂತ ಬಿಸ್ಕತ್ತು ಕೊಡ್ತಾನೇ ಇರ್ತಾರೆ. ಪಕ್ಕೆಲುಬು ಕೈಗೆ ಸಿಗದಷ್ಟು ಬೆಳೆಸಿ, ಯಾಕೋ ಓಡಲ್ಲ ಅಂತಾರೆ. ಎಲ್ಲಿಂದ ಓಡುತ್ತೆ, ಪಾಪ? ಚಾಕೊಲೇಟು, ಈರುಳ್ಳಿ, ದ್ರಾಕ್ಷಿ ನಾಯಿಗೆ ಹಾಕ್ಬೇಡಿ ಅಂತ ಬಾಯಿ ಬಡ್ಕೋತೀನಿ. ಬೆಕ್ಕಿಗೆ ಜ್ವರ ಅಂತ ನಮ್ಮ ಜ್ವರದ ಮಾತ್ರೆ ನುಂಗ್ಸಿ ಕೊಂದೇಬಿಟ್ಟವರಿದಾರೆ. ಒಂದ್ ಬಟ್ಟಲು ಚೊಕ್ಕ ನೀರು, ಸ್ವಲ್ಪ ಓಡಾಟ, ಹೊತ್ತಿಗೆ ಸರಿಯಾಗಿ ಸೂಜಿಮದ್ದು, ಬೇಜಾರಾದಾಗ ಪಕ್ಕದಲ್ಲಿ ಒಬ್ಬರು. ಇನ್ನೇನು ಬೇಕು? ನಮಗೂ ಅಷ್ಟೇ ತಾನೆ ಬೇಕಾಗಿರೋದು!’

ಹೀಗೆ ಊರಿಗೆಲ್ಲ ಬುದ್ಧಿ ಹೇಳುವವರು ತಾವೇ ಎಡವಿದ ಕಥೆ ಈ ಬೆಕ್ಕುಗಳದ್ದು. ಅದನ್ನು ಮುಚ್ಚಿಡುವುದಿಲ್ಲ. ಕೇಳದಿದ್ದರೂ ಹೇಳುತ್ತಾರೆ.

ಮುಖ್ಯ ರಸ್ತೆಯ ತಿರುವಿನಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಅಕ್ಕ ತಂಗಿ ಇಬ್ಬರೇ ಇರುವ ಮನೆ. ಕೆಳಗಿನ ಅಂಗಡಿ ಅಕ್ಕನದು. ತಂಗಿ ಔಷಧಿ ಅಂಗಡಿಯಲ್ಲಿ ಕ್ಯಾಷಿಯರ್. ಆ ಮನೆಯಲ್ಲಿ ಒಂದೇ ಸೂಲಿನ ಎರಡು ಹೆಣ್ಣು ಬೆಕ್ಕುಗಳು: ಕಪ್ಪಿ ಮತ್ತು ಬೂದಿ. ಕಪ್ಪಿ ಅಕ್ಕನ ಪಾಲು, ಬೂದಿ ತಂಗಿಯ ಪಾಲು ಎಂದು ಹೇಗೋ ಹಂಚಿಕೆಯಾಗಿತ್ತು. ಬೆಕ್ಕುಗಳಿಗೆ ಅದು ಗೊತ್ತಿರಲಿಲ್ಲ. ಅವು ಹುಟ್ಟಿದಾಗಿನಿಂದ ಒಂದೇ ಬುಟ್ಟಿಯಲ್ಲಿ, ಒಂದರ ಹೊಟ್ಟೆಗೆ ಇನ್ನೊಂದು ತಲೆಯಿಟ್ಟು ಮಲಗಿದ್ದವು.

ಕಪ್ಪಿಗೆ ದವಡೆ ಹಲ್ಲು ಹುಳುಕಾಗಿ ಅದನ್ನು ಕೀಳಿಸಬೇಕಾಯಿತು. ಎರಡು ರಾತ್ರಿ ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮನೆಗೆ ತಂದು ಬುಟ್ಟಿಯಿಂದ ಬಿಟ್ಟರೆ, ಬೂದಿ ಹತ್ತಿರ ಬಂದು ಮೂಸಿ, ಬೆನ್ನು ಬಿಲ್ಲಾಗಿಸಿ ಬುಸುಗುಟ್ಟಿತು. ಒಡಹುಟ್ಟಿದವಳನ್ನು ಅದು ಗುರುತೇ ಹಿಡಿಯಲಿಲ್ಲ. ಅಕ್ಕನಿಗೆ ಹೊಳೆದದ್ದು ಒಂದೇ: ‘ಆಸ್ಪತ್ರೆ ವಾಸನೆಗೆ ಹೀಗಾಡ್ತಿದೆ. ನಾಯಿ ಅತ್ತೇನ ಕರೆಸಿ ಒಂದ್ ಸಲ ಸ್ನಾನ ಮಾಡಿಸಿಬಿಡೋಣ.’

ಅತ್ತೆ ಬಂದರು. ಒಂದು ಮಾತು ಡಾಕ್ಟರಮ್ಮನನ್ನು ಕೇಳಬಹುದಿತ್ತು, ಕೇಳಲಿಲ್ಲ. ‘ನನ್ನ ಕೈಗೆ ಗೊತ್ತಿರೋ ಮದ್ದು ಒಂದೇ, ನೀರು’ ಎಂದು ಅವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. ‘ವಾಸನೆ ಅಂದ್ರು, ತೊಳೆದೆ. ಚೆನ್ನಾಗೇ ತೊಳೆದೆ. ಹೂವಿನ ಪರಿಮಳದ ಶಾಂಪೂ ಬೇರೆ ಹಾಕಿದೆ. ಅಷ್ಟು ಚೆನ್ನಾಗಿ ತೊಳೀದಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ.’

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಮೈ ಒಣಗಿ ಕಪ್ಪಿ ಹೊರಬಂದದ್ದೇ ತಡ, ಬೂದಿ ಹಾರಿ ಬಿತ್ತು. ಬಿಡಿಸಲು ಹೋದ ಅಕ್ಕನ ಮೊಣಕೈಯಿಂದ ಮಣಿಕಟ್ಟಿನವರೆಗೆ ಗೀರು. ಕಪ್ಪಿಯ ಕಿವಿ ಹರಿಯಿತು. ಅದು ಓಡಿ ಬೀರುವಿನ ಹಿಂದೆ ಸೇರಿಕೊಂಡಿತು. ಊಟಕ್ಕೆ ಕರೆದರೂ ಬರಲಿಲ್ಲ, ಅಲ್ಲೇ ಒದ್ದೆ ಮಾಡಿಕೊಂಡಿತು. ಹೊರಗೆ ಇಣುಕಿದರೆ ಸಾಕು, ಬೂದಿ ಬಾಗಿಲಲ್ಲೇ ಕಾದು ಕೂತಿರುತ್ತಿತ್ತು.

ಬೆಕ್ಕುಗಳ ಜಗಳ ಮನುಷ್ಯರಿಗೆ ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ‘ನಿನ್ನ ಬೂದಿಗೆ ನಿನ್ನದೇ ಬುದ್ಧಿ. ಕಾಯಿಲೆ ಬಿದ್ದವರನ್ನ ಕಂಡ್ರೆ ಆಗಲ್ಲ’ ಎಂದಳು ಅಕ್ಕ. ‘ನಿನ್ನ ಕಪ್ಪೀನ ಯಾರೇ ಆಸ್ಪತ್ರೇಲಿ ಬಿಟ್ಟು ಬಾ ಅಂದಿದ್ದು?’ ಎಂದಳು ತಂಗಿ. ಕಿಡಿ ಬೆಂಕಿಯಾಗಿ, ಯಾವತ್ತಿನದೋ ಹಳೇ ಮಾತುಗಳೆಲ್ಲ ಹೊರಬಂದವು. ಕೊನೆಗೆ ಊರಾಚೆ ಕೋಳಿ ಸಾಕಿಕೊಂಡಿರುವ ಚಿಕ್ಕಪ್ಪನ ಮಗನಿಗೆ ಫೋನ್ ಹೋಯಿತು. ಮುಂದಿನ ರಜೆಗೆ ಬಂದು ಕಪ್ಪಿಯನ್ನು ಒಯ್ಯುವುದು ಎಂದು ತೀರ್ಮಾನವಾಯಿತು. ಅಕ್ಕ ಅಂಗಡಿಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು. ತಂಗಿ ಮೇಲಿನ ಮಹಡಿಯಲ್ಲಿ. ಒಂದೇ ಮನೆಯಲ್ಲಿ ಎರಡು ಒಲೆ ಹೂಡುವುದಷ್ಟೇ ಬಾಕಿ.

ಸುದ್ದಿ ಕೇಳಿ ನಾಯಿ ಅತ್ತೆ ನೇರ ಡಾಕ್ಟರಮ್ಮನ ಹತ್ತಿರ ಹೋದರು. ಅವರು ತಲೆ ಚಚ್ಚಿಕೊಳ್ಳಲಿಲ್ಲ, ಬೈಯಲೂ ಇಲ್ಲ. ‘ಬೆಕ್ಕು ಬೆಕ್ಕನ್ನ ಗುರುತು ಹಿಡಿಯೋದು ಮೂಗಿಂದಮ್ಮ’ ಎಂದರು. ‘ಆಸ್ಪತ್ರೆ ವಾಸನೆ ಕೆಳಗೆ ಕಪ್ಪೀದೇ ವಾಸನೆ ಸ್ವಲ್ಪ ಉಳಿದಿರುತ್ತೆ. ನಾಲ್ಕು ದಿನ ಬೇರೆ ಇಟ್ಟಿದ್ರೆ ಅದೇ ಮೇಲೆ ಬರ್ತಿತ್ತು. ನೀವು ಅದನ್ನೂ ತೊಳೆದುಬಿಟ್ರಿ. ನನ್ನದೂ ತಪ್ಪಿದೆ. ಮನೆಗೆ ಕಳಿಸುವಾಗ್ಲೇ ನಾನು ಹೇಳಿ ಕಳಿಸ್ಬೇಕಿತ್ತು.’

ಆ ರಾತ್ರಿ ಅತ್ತೆಗೆ ಊಟ ಸೇರಲಿಲ್ಲ. ಮರುದಿನ ಮಹಡಿ ಹತ್ತಿ, ಇಬ್ಬರನ್ನೂ ಎದುರಿಗೆ ಕೂರಿಸಿ ಹೇಳಿದರು: ‘ನೀವಿಬ್ರೂ ಒಬ್ಬರ ಮೇಲೊಬ್ಬರು ಹಾಕ್ಕೋತಿರೋ ತಪ್ಪು ನಂದು. ನಾನು ತೊಳೆದು ಕೆಡಿಸಿದೀನಿ. ರಜೆವರೆಗೂ ನನಗೆ ಬಿಡಿ.’ ಅಕ್ಕ ತಂಗಿ ಅಷ್ಟು ದಿನಗಳಲ್ಲಿ ಮೊದಲ ಸಲ ಒಂದಾದರು, ಇಬ್ಬರೂ ಸೇರಿ ಅತ್ತೆಯನ್ನು ಬೈದರು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ ಒಪ್ಪಿಗೆಯೂ ಸಿಕ್ಕಿತು.

ಡಾಕ್ಟರಮ್ಮ ಹೇಳಿಕೊಟ್ಟ ದಾರಿ ಸರಳವಾಗಿತ್ತು, ಆದರೆ ತಾಳ್ಮೆ ಬೇಡುವಂಥದು. ಬೆಕ್ಕುಗಳು ಬೇರೆ ಬೇರೆ ಕೋಣೆಯಲ್ಲಿ. ಒಂದು ಕಾಲುಚೀಲದಿಂದ ಬೂದಿಯ ಕೆನ್ನೆ ಒರೆಸಿ ಕಪ್ಪಿಯ ಬಟ್ಟಲ ಕೆಳಗೆ ಹಾಸುವುದು, ಇನ್ನೊಂದರಿಂದ ಕಪ್ಪಿಯ ಕೆನ್ನೆ ಒರೆಸಿ ಬೂದಿಯ ಬಟ್ಟಲ ಕೆಳಗೆ. ಮುಚ್ಚಿದ ಬಾಗಿಲ ಆಚೀಚೆ ಎರಡಕ್ಕೂ ಒಂದೇ ಹೊತ್ತಿಗೆ ಊಟ. ಅಡ್ಡಿಯಾದದ್ದು ಅತ್ತೆಯ ಮೈಯೇ. ಬೆಳಗಿನಿಂದ ನಾಲ್ಕಾರು ನಾಯಿಗಳನ್ನು ಅಪ್ಪಿ ತೊಳೆದು ಬಂದವರು ಬಾಗಿಲಲ್ಲಿ ನಿಂತರೆ ಎರಡೂ ಬೆಕ್ಕುಗಳು ಇವರಿಗೇ ಬುಸ್ ಅನ್ನುತ್ತಿದ್ದವು. ಕೊನೆಗೆ ಊರಿಗೆಲ್ಲ ಸ್ನಾನ ಮಾಡಿಸುವವರು ತಾವು ಮನೆಗೆ ಹೋಗಿ ಎರಡನೇ ಸಲ ಸ್ನಾನ ಮಾಡಿ, ಕಣ್ಣಿನ ಪೊರೆ ತೆಗೆಸಿಕೊಂಡು ಮತ್ತೆ ಹೊಲಿಯುತ್ತಿದ್ದ ಗಂಡನ ಅಂಗಡಿಯಲ್ಲಿ ಹೊಲಿದು ಇಟ್ಟಿದ್ದ ಹೊಸ ಅಂಗಿ ತೊಟ್ಟು ಬರತೊಡಗಿದರು. ಬೆಕ್ಕಿನ ಕೂದಲೆಂದರೆ ಸೀನುವ ಗಂಡ, ಅಂಗಿ ಮರಳಿ ಬಂದಾಗಲೆಲ್ಲ ಸೀನುತ್ತಲೇ ಒಗೆದು ಇಸ್ತ್ರಿ ಮಾಡಿಟ್ಟರು. ಅಷ್ಟೇ ಅಲ್ಲ, ಮರದ ಚೌಕಟ್ಟಿಗೆ ಬಲೆ ಹೊಲಿದು ಒಂದು ಅಡ್ಡಬಾಗಿಲನ್ನೂ ಮಾಡಿಕೊಟ್ಟರು. ‘ನನ್ನ ಹೆಂಡ್ತಿ ಮೊದಲಿನ ಹಾಗೆ ಊಟ ಮಾಡಬೇಕಿತ್ತು. ಅದಕ್ಕೆ ಹೊಲಿದೆ’ ಎನ್ನುತ್ತಾರೆ ದರ್ಜಿ, ಮಾತು ಮುಗಿಸುವ ಮುಂಚೆ ಇನ್ನೊಂದು ಸೀನು.

ಬಲೆಯ ಆಚೀಚೆ ಎರಡೂ ಉಣ್ಣತೊಡಗಿದವು. ಅದು ಗೆಲುವೇ. ಆದರೆ ಬಲೆ ಸರಿಸಿದ ತಕ್ಷಣ ಬೂದಿಯ ಗಂಟಲಿನಲ್ಲಿ ಗುರ್ರೆನ್ನುವ ಸದ್ದು. ಮತ್ತೆ ಮುಚ್ಚುವುದು, ಮತ್ತೆ ಕಾಯುವುದು. ಹೀಗೇ ರಜೆ ಬಂದೇಬಿಟ್ಟಿತು.

ಆ ಬೆಳಿಗ್ಗೆ ಅಕ್ಕ ಕಪ್ಪಿಯ ಬಟ್ಟಲು, ಹೊದಿಕೆ, ಆಟದ ಉಲ್ಲನ್ ಉಂಡೆ ಎಲ್ಲವನ್ನೂ ಚೀಲಕ್ಕೆ ತುಂಬಿಟ್ಟಿದ್ದಳು. ತಂಗಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅತ್ತೆ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಕುಳಿತಿದ್ದರು. ‘ಸೋತೆ ಅಂತ ಗೊತ್ತಾಗಿತ್ತು. ಬಕೆಟ್ಟು ಮೂಲೆಗಿಡೋಣ, ಈ ಕೈಯಿಂದ ಇನ್ನು ಯಾವ ಪ್ರಾಣೀನೂ ಮುಟ್ಟೋದು ಬೇಡ ಅಂತ ಮನಸಲ್ಲೇ ಅಂದ್ಕೊಂಡಿದ್ದೆ’ ಎನ್ನುವಾಗ ಅವರ ದನಿ ಈಗಲೂ ಸಣ್ಣದಾಗುತ್ತದೆ.

ಚಿಕ್ಕಪ್ಪನ ಮಗ ಬಂದ. ಆಳು ಎತ್ತರ, ದನಿ ಇನ್ನೂ ಎತ್ತರ. ಮೈಮೇಲೆ ಮನೆಯ ಕಾವಲುನಾಯಿಯ ಕೂದಲು, ಬೂಟಿಗೆ ಕೋಳಿಗೂಡಿನ ಘಾಟು. ‘ಎಲ್ಲಿ ನಮ್ಮನೆ ಹೊಸ ಯಜಮಾನ್ತಿ?’ ಎಂದು ಗುಡುಗುತ್ತಲೇ ಒಳಗೆ ನುಗ್ಗಿ, ತಗಡಿನ ಪೆಟ್ಟಿಗೆಯನ್ನು ಧಡಾರನೆ ನೆಲಕ್ಕೆ ಕುಕ್ಕಿದ. ಅವನ ಮೊಣಕೈ ತಾಗಿ ದರ್ಜಿಯ ಬಲೆಬಾಗಿಲು ಮಗುಚಿ ಬಿತ್ತು. ಕಪ್ಪು ಗೆರೆಯೊಂದು, ಬೂದು ಗೆರೆಯೊಂದು ನೆಲದ ಮೇಲೆ ಸರ್ರನೆ ಹಾದು, ಎರಡೂ ಒಂದೇ ಮಂಚದ ಕೆಳಗೆ ಮಾಯ.

ಅಕ್ಕ ಕಣ್ಣು ಮುಚ್ಚಿಕೊಂಡಳು. ತಂಗಿ ಸೌಟು ಹಿಡಿದೇ ಓಡಿ ಬಂದಳು. ಎಲ್ಲರೂ ಕಿವಿ ನಿಮಿರಿಸಿ ಯುದ್ಧಕ್ಕೆ ಕಾದರು. ಸದ್ದಿಲ್ಲ. ಬುಸುಗುಡುವುದೂ ಇಲ್ಲ, ಗುರುಗುಡುವುದೂ ಇಲ್ಲ.

ತಂಗಿ ನೆಲಕ್ಕೆ ಮಲಗಿ ಟಾರ್ಚು ಹಾಕಿ ನೋಡಿದಳು. ಆಮೇಲೆ ಪಿಸುದನಿಯಲ್ಲಿ, ‘ಅಕ್ಕಾ, ಇಲ್ಲಿ ಬಾರೇ. ನೋಡ್ಬಾರೇ’ ಎಂದಳು. ಅಕ್ಕನೂ ನೆಲಕ್ಕೆ ಮಲಗಿ ತಂಗಿಯ ಕೆನ್ನೆಗೆ ಕೆನ್ನೆ ತಾಗಿಸಿ ಇಣುಕಿದಳು. ಮಂಚದ ಕೆಳಗಿನ ಕೊನೇ ಮೂಲೆಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಬೂದಿ ಮುಂದೆ, ಕಿವಿ ಮಡಚಿ, ಆ ಅಪರಿಚಿತ ಬೂಟುಗಳನ್ನು ನುಂಗುವಂತೆ ನೋಡುತ್ತಿತ್ತು. ಕಪ್ಪಿ ಅದರ ಹಿಂದೆ ಅಡಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಬೂದಿ ತಿರುಗಿತು, ಕಪ್ಪಿಯ ಹರಿದ ಕಿವಿಯನ್ನು ಮೂಸಿತು. ಆಮೇಲೆ ನೆಕ್ಕತೊಡಗಿತು.

‘ಆ ಸದ್ದು ಕೇಳಿಸ್ತು ನೋಡಿ, ಚರಕ್ ಚರಕ್ ಅಂತ. ಎದೆ ಮೇಲಿಂದ ಬಂಡೆ ಎತ್ತಿಟ್ಟ ಹಾಗಾಯ್ತು’ ಎನ್ನುತ್ತಾರೆ ಅತ್ತೆ.

ಪೆಟ್ಟಿಗೆಯ ಪಕ್ಕ ನಿಂತ ಬಡಪಾಯಿಗೆ ಏನೂ ಅರ್ಥವಾಗಲಿಲ್ಲ. ‘ಹಾಗಾದ್ರೆ ಬೆಕ್ಕು ಕೊಡಲ್ವಾ? ಮತ್ತೆ ನನ್ನನ್ಯಾಕೆ ಕರೆಸಿದ್ರಿ?’ ಎಂದು ಕೇಳಿದ. ನೆಲದ ಮೇಲಿಂದ ಅಕ್ಕ, ‘ನೀನು ಬಂದಿದ್ದಕ್ಕೇ ಕಣೋ ಇದೆಲ್ಲಾ ಸರಿಹೋಗಿದ್ದು! ನಿನ್ನ ವಾಸನೆ ಚಿರಾಯುವಾಗಲಿ’ ಎಂದು ನಗುತ್ತ ಅತ್ತಳು. ಪೂರ್ತಿ ಶ್ರೇಯಸ್ಸು ಅವನ ಬೂಟಿಗೇ ಸಲ್ಲುವುದಿಲ್ಲ ಬಿಡಿ. ದಿನಗಟ್ಟಲೆ ಬೆಕ್ಕುಗಳ ನಡುವೆ ಆ ಕಾಲುಚೀಲಗಳನ್ನು ಅದಲುಬದಲು ಮಾಡದಿದ್ದರೆ ಆ ಮಂಚದ ಕೆಳಗೆ ಏನಾಗುತ್ತಿತ್ತೋ ಎಂದು ಡಾಕ್ಟರಮ್ಮ ಹೇಳುತ್ತಾರೆ. ಅವರಿಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾದದ್ದು, ತಂಗಿ ಎದ್ದು ಅಕ್ಕನ ಕೈಯ ಇನ್ನೂ ಮಾಯದ ಗೀರಿಗೆ ಮುಲಾಮು ಹಚ್ಚಿದ್ದು. ಚೀಲ ಬಿಚ್ಚಿ ಬಟ್ಟಲು, ಹೊದಿಕೆ ತೆಗೆದದ್ದೂ ಅವಳೇ.

ಅತ್ತೆ ಮಹಡಿ ಇಳಿದು, ಜೆರಾಕ್ಸ್ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಕುಳಿತು ಮನಸಾರೆ ಅತ್ತರಂತೆ. ಬೀದಿಯ ಮಕ್ಕಳು ಸುತ್ತ ನೆರೆದು, ‘ನಾಯಿ ಅತ್ತೆಗೆ ನಾಯಿ ಕಚ್ಚಿದೆ’ ಎಂದು ಸುದ್ದಿ ಹಬ್ಬಿಸಿದವು. ಮನೆ ಮುಟ್ಟುವಷ್ಟರಲ್ಲಿ ಸೊಸೆ ಅರಿಸಿನಪುಡಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಬೆಳಕು ಪೂರ್ತಿ ಹರಿದಿದೆ. ದೊಡ್ಡ ನಾಯಿ ಮೈ ಒರೆಸಿಸಿಕೊಂಡು ಬಿಸಿಲು ಹುಡುಕಿ ಹೋಗಿದೆ. ಅತ್ತೆ ಬಕೆಟ್ಟು ಬೋರಲು ಹಾಕಿ ಬ್ರಷ್ಷುಗಳನ್ನು ಕೊಡವುತ್ತಿದ್ದಾರೆ. ಮುಂದಿನ ಮನೆಯಲ್ಲಿ ಮೊಲದ ಉಗುರು ಕಾದಿದೆ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ಮೊಣಕಾಲು ನೀವಿಕೊಳ್ಳುತ್ತಾರೆ, ಇನ್ನಷ್ಟು ವರ್ಷ ಇವು ಬಗ್ಗಿದರೆ ಸಾಕು ಎನ್ನುತ್ತಾರೆ. ಹೆಮ್ಮೆ ಯಾವುದರದು ಎಂದು ಕೇಳಿದರೆ ಬೂಟು ಕಳಚತೊಡಗುತ್ತಾರೆ.

‘ಮೊನ್ನೆ ಅಕ್ಕ ತಂಗಿ ಮನೆಗೆ ಯಾರೋ ನೆಂಟರು ಬರೋರಿದ್ರು. ಎರಡಕ್ಕೂ ಸ್ನಾನ ಮಾಡ್ಸಿ, ಚೆಂದ ಕಾಣ್ಲಿ ಅಂತ ಕರೆದ್ರು. ಹೋದೆ. ಎರಡೂ ಬುಟ್ಟೀಲಿ ಮಲಗಿದ್ವು, ಇದರ ಹೊಟ್ಟೆ ಮೇಲೆ ಅದರ ತಲೆ. ಆಗಲ್ಲ ಅಂತ ವಾಪಸ್ ಬಂದೆ’ ಎನ್ನುತ್ತಾರೆ ನಾಯಿ ಅತ್ತೆ, ಬೂಟಿನೊಳಗಿನ ನೀರನ್ನು ಚೆಲ್ಲುತ್ತ. ‘ಈ ಬೀದೀಲಿ ಈಗ ನಾನು ನೀರು ಮುಟ್ಟಿಸದೇ ಇರೋ ಪ್ರಾಣಿ ಅಂದ್ರೆ ಅವೆರಡೇ. ಅವನ್ನ ತೊಳೀದೇ ಬಿಟ್ಟಿದೀನಲ್ಲ, ಅದೇ ನನ್ನ ಹೆಮ್ಮೆ.’